ತೆಂಗಿಲ್ಲದ ಪಾರ್ಕು

ತಿಪಟೂರಿನ ಪಾರ್ಕೊಂದರ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ದಂಡಿನಶಿವರದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಪುಟ್ಟದೊಂದು ಪಾರ್ಕು ಮಾಡಲು ಹೊರಟಿದ್ದೇವೆ. ಹೇಗಿರಬೇಕೆಂದು ನೋಡಿಬರಲು ನಾನೂ ನೆರೆಮನೆಯ ಗಂಗಕ್ಕನೂ ಬೆಳಿಗ್ಗೆಯೇ ಬಸ್ಸು ಹತ್ತಿದೆವು. ತುರುವೇಕೆರೆಯದು ನೋಡಿಯಾಯಿತು, ಇದು ಎರಡನೆಯದು, ಇನ್ನು ಚಿಕ್ಕನಾಯಕನಹಳ್ಳಿಯದೊಂದು ಬಾಕಿ. ಜಾಗ ಕೊಟ್ಟಿರುವವಳು ಗಂಗಕ್ಕ. ಅಲ್ಲಿರುವ ಎರಡು ತೆಂಗಿನ ಮರ ಕಡಿಯಕೂಡದು ಎಂಬುದೊಂದೇ ಅವಳ ಷರತ್ತು. ಮದುವೆಯಾಗಿ ಬಂದ ವರ್ಷ ಅವಳೇ ನೆಟ್ಟ ಮರಗಳವು.

ಇಲ್ಲಿ ನೋಡಿದರೆ ಬರೀ ಹೊಂಗೆ, ಬೇವು. ಊರ ಸುತ್ತ ತೆಂಗಿನ ತೋಟ, ಪಾರ್ಕಿನೊಳಗೆ ಒಂದೂ ತೆಂಗಿಲ್ಲ. ಗಂಗಕ್ಕ ನೀರು ಬಿಡುತ್ತಿದ್ದ ಮಾಲಿಯನ್ನು ಕೇಳಿಯೇಬಿಟ್ಟಳು.

"ಯಾಕಣ್ಣ, ಒಂದ್ ತೆಂಗಿನ ಸಸೀನೂ ನೆಟ್ಟಿಲ್ವಲ್ಲ?"

"ಮಕ್ಕಳು ಆಡೋ ಜಾಗ ಕಣಕ್ಕ. ಕಾಯಿ ತಲೆ ಮೇಲೆ ಬಿದ್ರೆ ಏನ್ ಗತಿ?"

ಗಂಗಕ್ಕನ ಮುಖ ಸಪ್ಪಗಾಯಿತು. ಹೋಗಿ ಖಾಲಿ ಉಯ್ಯಾಲೆಯಲ್ಲಿ ಕೂತಳು. ನಾನು ಹಿಂದಿನಿಂದ ಮೆಲ್ಲಗೆ ತಳ್ಳಿದೆ. ನಾಲ್ಕು ಸಲ ತೂಗುವಷ್ಟರಲ್ಲಿ ಅವಳು ಕಾಲು ಚಾಚಿ ಜೋರಾಗಿ ನಗತೊಡಗಿದಳು. ಆಮೇಲೆ ಥಟ್ಟನೆ ಇಳಿದು, ಉಯ್ಯಾಲೆಯ ಕಂಬದಿಂದ ಹೆಜ್ಜೆ ಎಣಿಸುತ್ತ ಬೇಲಿಯವರೆಗೂ ನಡೆದಳು.

"ನಮ್ ಜಾಗ ಇದಕ್ಕಿಂತ ಉದ್ದ ಐತೆ ಕಣೇ. ಮರ ಆ ತುದೀಲಿ ಇರ್ಲಿ, ಸುತ್ತ ಬೇಲಿ ಹಾಕ್ಸಾನ. ಉಯ್ಯಾಲೆ ಈ ತುದೀಲಿ, ಒಂದ್ ಹೊಂಗೆ ನೆಟ್ಟು ಅದರ ನೆರಳಲ್ಲಿ."

"ಚಿಕ್ಕನಾಯಕನಹಳ್ಳಿ ಬಸ್ಸಿಗೆ ಹೊತ್ತಾಯ್ತು ಗಂಗಕ್ಕ."

"ಹೋದ್ರೆ ಹೋಗ್ಲಿ ಬುಡು, ಇನ್ನೊಂದ್ ಬಸ್ ಬತ್ತದೆ," ಎನ್ನುತ್ತ ಅವಳು ಮತ್ತೆ ಉಯ್ಯಾಲೆ ಹತ್ತಿದ್ದಾಳೆ. ತಳ್ಳಲು ಕರೆಯುತ್ತಿದ್ದಾಳೆ.