ಪ್ಲಗ್ ಗುಂಡಿಯಲ್ಲಿ ನಿಂತ ಆಯಿಲ್

ಹೊಸಬಾಳೆಯಿಂದ ಮೆಣಸಿನ ಸಸಿ ಹೇರಿಕೊಂಡು ಆನವಟ್ಟಿ ಸಂತೆಗೆ ಹೋಗುವ ವ್ಯಾನು ನನ್ನದು. ಓಡಿಸುವವಳೂ ನಾನೇ. ಅದು ಏರಿನಲ್ಲಿ ಜರ್ಕ್ ಹೊಡೆಯತೊಡಗಿದ್ದೇ ತಡ, ನನ್ನ ಗಂಡನ ಅಣ್ಣ ಇಂಜಿನ್ ಹೋಯಿತೆಂದು ತೀರ್ಪು ಕೊಟ್ಟು, ಅದನ್ನು ಮಾರಿಬಿಡಲು ಶಿಕಾರಿಪುರದ ಹಳೇ ಗಾಡಿ ದಲ್ಲಾಳಿಗೆ ಮಂಗಳವಾರ ಬರಲು ಹೇಳಿಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ವ್ಯಾನು ಹೋದರೆ ನಾನು ಮತ್ತೆ ಬಸ್ಸಿಗೆ ಕಾಯುತ್ತ, ಸಸಿಯ ಟ್ರೇ ಹತ್ತಿಸಲು ಅವರಿವರ ಕೈಕಾಲು ಹಿಡಿಯಬೇಕು. ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತು ಹೋಗಿ ಟಿಲ್ಲರ್ ಬಂದ ಮೇಲೆ ಅದಕ್ಕೂ, ಆಮೇಲೆ ವ್ಯಾನಿಗೂ ಅದೇ ನೇಮ. ವಿಭೂತಿ ಹಚ್ಚಿ ನಿಲ್ಲಿಸಬೇಕು, ಬೋಲ್ಟಿಗೆ ಪಾನಾ ಮುಟ್ಟಿಸಬಾರದು. ನಾನು ಆ ಸೋಮವಾರವೇ ಇಂಜಿನ್ ಮೇಲಿನ ಸೀಟೆತ್ತಿ ಕೂತೆ. ನಿಂತ ಇಂಜಿನ್ ತಣ್ಣಗಿತ್ತು, ಕೈ ಹಾಕಲು ಬೇಕಾದದ್ದೂ ಅದೇ.

ಪ್ಲಗ್ಗಿನ ವೈರ್ ಎಳೆದರೆ ಅದರ ರಬ್ಬರ್ ಟೊಪ್ಪಿಗೆಯೆಲ್ಲ ಆಯಿಲ್. ಪ್ಲಗ್ ಕೂರುವ ಗುಂಡಿಯಲ್ಲೂ ನಿಂತಿತ್ತು. ಬಟ್ಟೆ ಅದ್ದಿ ಅದ್ದಿ ಅದನ್ನೆಲ್ಲ ತೆಗೆದು ಆಮೇಲೆ ಪ್ಲಗ್ ಬಿಚ್ಚಿದೆ. ತುದಿ ಒಣಗಿತ್ತು, ತಿಳಿ ಕಂದು ಬಣ್ಣ. ಪಿಸ್ಟನ್ ಸವೆದಿದ್ದರೆ ಆ ತುದಿಯೇ ನೆನೆದಿರುತ್ತಿತ್ತು. ಹಾಗಾದರೆ ಇದು ಇಂಜಿನ್ನಿನ ಮೇಲಿನ ಮುಚ್ಚಳದಿಂದ ಇಳಿದ ಆಯಿಲ್; ಪ್ಲಗ್ಗಿನ ಕಿಡಿ ಕೆಡಿಸಿ ಜರ್ಕ್ ಹೊಡೆಸಿದ್ದು ಇದೇ, ಇಂಜಿನ್ನಿಗೆ ಏನೂ ಆಗಿಲ್ಲ. ಮುಚ್ಚಳ ಎತ್ತಿ ನೋಡಿದರೆ ರಬ್ಬರ್ ಪಟ್ಟಿ ನುಜ್ಜುಗುಜ್ಜಾಗಿ ಆಚೆ ಬಂದಿತ್ತು. ಹಿಂದೆ ಈ ಬೋಲ್ಟುಗಳನ್ನು ಬಿಗಿದವರು ಭಾವನೇ. ಟಿಲ್ಲರ್ ಬಿಗಿದು ರೂಢಿಯಾದ ಕೈ ಅವರದು, ಪಾನಾ ಕಿರುಗುಟ್ಟುವವರೆಗೂ ಸಮಾಧಾನವಿಲ್ಲ.

ಬೈಕಿನಲ್ಲಿ ಆನವಟ್ಟಿಗೆ ಹೋಗಿ ಹೊಸ ಪಟ್ಟಿ, ಗುಂಡಿಯ ಸೀಲು ತಂದೆ. ಅಂಚು ಒರೆಸಿ ಕೂರಿಸಿ, ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಹದದಲ್ಲಿ ಬಿಗಿದೆ.

ಭಾವ ಬಂದು ನೋಡಿ, ಸೋಮವಾರ ಪಾನಾ ಹಿಡಿಯಲು ಯಾರು ಹೇಳಿದರೆಂದು ಗದರಿದರು.

"ಗಾಡಿಗೆ ಸೋಮವಾರ ರಜ ಬಿಟ್ರಿ ಭಾವ, ನಂಗೆ ಯಾವ ವಾರ ಬಿಟ್ಟೀರಿ?" ಅಂದೆ.

ಅವರು ಟವೆಲ್ ಕೊಡವಿ ಒಳಗೆ ಹೋದರು.

ಮರುದಿನ ದಲ್ಲಾಳಿ ಬಂದ. ಕೀಲಿಗಾಗಿ ಭಾವ ಕೈ ಚಾಚಿದರು. ನಾನು ಕೊಡಲಿಲ್ಲ. ಬಂದವನನ್ನು ಶಿಕಾರಿಪುರಕ್ಕೆ ನಾನೇ ಬಿಡುತ್ತೇನೆಂದು ಹತ್ತಿಸಿಕೊಂಡೆ. ಉಡುತಡಿ ದಾಟುವವರೆಗೂ ಆತ ಇಂಜಿನ್ನಿಗೇ ಕಿವಿಗೊಟ್ಟು ಕೂತಿದ್ದ. ಅದು ಒಮ್ಮೆಯೂ ಮುಗ್ಗರಿಸಲಿಲ್ಲ.

ಇಳಿಯುವಾಗ, "ಕೊಡೋದಾದ್ರೆ ನನಗ ಹೇಳ್ರೀ," ಅಂದ.

"ಕೊಡಲ್ಲ ರೀ. ನಮ್ಮ ಭಾವಂಗೂ ನೀವೇ ಹೇಳ್ಬಿಡಿ," ಅಂದು ಗೇರ್ ಹಾಕಿದೆ.