ಒಂದೇ ಎಕ್ಸ್‌ರೇ, ಎರಡು ಉತ್ತರ

ನನ್ನ ಮಾತನ್ನು ನಾನೇ ಒಪ್ಪುವುದಿಲ್ಲ ಎಂದು ತಿಳಿದದ್ದು ದುಬೈಗೆ ಬಂದ ನಾಲ್ಕನೆಯ ತಿಂಗಳಲ್ಲಿ.

ಇಲ್ಲಿಯ ಆಸ್ಪತ್ರೆಯಲ್ಲಿ ರೇಡಿಯಾಲಜಿ ಕಲಿಯುವ ವೈದ್ಯರು ಸಂಶೋಧನೆಯನ್ನೂ ಕಲಿಯಬೇಕು. ನನಗೆ ಕೊಟ್ಟ ಕೆಲಸ ಸರಳವಾಗಿ ಕಂಡಿತು: ಹೆಸರು ಅಳಿಸಿದ ನೂರು ಎದೆಯ ಎಕ್ಸ್‌ರೇ ನೋಡಿ, ಕಾಯಿಲೆ ಉಂಟೋ ಇಲ್ಲವೋ ಬರೆಯುವುದು. ಮೂರು ವಾರ ಬಿಟ್ಟು ಅವನ್ನೇ ಬೇರೆ ಕ್ರಮದಲ್ಲಿ ಮತ್ತೆ ನೋಡುವುದು. ಮೊದಲಿನ ಉತ್ತರವನ್ನು ನೋಡುವಂತಿಲ್ಲ.

ಚಿತ್ರಗಳನ್ನು ಜೋಡಿಸಿಕೊಟ್ಟವರು ಭಟ್ಕಳದ ಯೂಸುಫ್. ಬಹಳ ವರ್ಷದಿಂದ ಇಲ್ಲಿ ಎಕ್ಸ್‌ರೇ ತೆಗೆಯುವವರು. ನನ್ನ ಎರಡೂ ಪಟ್ಟಿಗಳನ್ನು ಅವರು ಅಕ್ಕಪಕ್ಕ ಇಟ್ಟು ತೋರಿಸಿದರು. ಹದಿನಾಲ್ಕು ಕಡೆ ನನ್ನ ಉತ್ತರ ಬದಲಾಗಿತ್ತು.

ಮಂಗಳೂರಿನಲ್ಲಿ ನಾನು ಕಲಿತ ಕಡೆ ಹಿರಿಯರು ಚಿತ್ರವನ್ನು ಬೆಳಕಿಗೆ ಹಿಡಿದು, ಕಾದು ನಿಂತ ಮನೆಯವರಿಗೆ ಅಲ್ಲೇ ಒಂದು ಮಾತು ಹೇಳಿದರೆ ಮುಗಿಯಿತು. ಇನ್ನೊಮ್ಮೆ ಕೇಳುವುದೇ ಅವಿನಯ. ಇಲ್ಲಿ ನನ್ನದು ಪ್ರೊಬೇಷನ್ ವರ್ಷ. ತರಬೇತಿಯ ಸೀಟು ಹೋದರೆ ವೀಸಾವೂ ಹೋಗುತ್ತದೆ. ಬರ್ ದುಬೈಯಲ್ಲಿ ಬೆಡ್‌ಸ್ಪೇಸ್, ಎಂದರೆ ಕೋಣೆಯಲ್ಲ, ಕೋಣೆಯೊಳಗಿನ ಒಂದು ಮಂಚವನ್ನಷ್ಟೇ ಬಾಡಿಗೆಗೆ ಹಿಡಿದು ಉಳಿಸಿಕೊಂಡಿದ್ದ ಸೀಟು ಅದು.

“ಎಂತ ಮುಖ ಡಾಕ್ಟ್ರೇ? ಪಟ್ಟಿ ಇನ್ನೂ ನಮ್ಮಿಬ್ರ ಹತ್ರವೇ ಉಂಟಲ್ಲ,” ಎಂದರು ಯೂಸುಫ್. “ಹತ್ತು ತಿದ್ದಿ, ನಾಲ್ಕು ಬಿಡಿ. ಖಲಾಸ್!”

“ನಾಲ್ಕು ಯಾಕೆ ಬಿಡುದು?”

“ಎಲ್ಲ ಸರಿ ಇದ್ರೆ ಯಾರು ನಂಬ್ತಾರೆ ಮಾರಾಯ್ರೆ!”

ನಕ್ಕೆ. ಆದರೆ ಕೈ ಮೌಸಿನ ಮೇಲೆಯೇ ಇತ್ತು. ತಿದ್ದಬೇಕಾದರೆ ಎರಡರಲ್ಲಿ ಯಾವುದು ಸರಿ ಎಂದು ತಿಳಿಯಬೇಕಲ್ಲ? ಮೊದಲ ಚಿತ್ರವನ್ನು ತೆರೆದು ನೋಡಿದೆ. ಗೊತ್ತಾಗಲಿಲ್ಲ. ಹದಿನಾಲ್ಕನ್ನೂ ಇದ್ದ ಹಾಗೆಯೇ ಕಳಿಸಿದೆ. ಸಂಜೆ ಆಸ್ಪತ್ರೆಯಿರುವ ದೇರಾದಿಂದ ಅಬ್ರಾದಲ್ಲಿ, ಖಾಡಿ ದಾಟಿಸುವ ಸಣ್ಣ ದೋಣಿಯಲ್ಲಿ, ಬರುವಾಗ ಈ ದಾರಿ ಇನ್ನೆಷ್ಟು ದಿನವೋ ಎನಿಸಿತು.

ಗುರುವಾರ ಸಭೆ. ನಮ್ಮ ವಿಭಾಗದ ಮುಖ್ಯಸ್ಥೆ, ಸುಡಾನಿನ ಡಾಕ್ಟರ್ ಅಮಾಲ್, ನನ್ನ ಪಟ್ಟಿಗಿಂತ ಮೊದಲು ತಮ್ಮದನ್ನು ಗೋಡೆಯ ಮೇಲೆ ತೋರಿಸಿದರು. ಅವೇ ನೂರು ಚಿತ್ರಗಳು. ಒಂಬತ್ತು ಕಡೆ ಅವರ ಉತ್ತರವೂ ಬದಲಾಗಿತ್ತು. ಒಂದೊಂದನ್ನೂ ದೊಡ್ಡದು ಮಾಡಿ, “ಇಲ್ಲಿ ಪಕ್ಕೆಲುಬಿನ ನೆರಳನ್ನು ಕಾಯಿಲೆ ಎಂದುಕೊಂಡೆ,” ಎಂದು ಕಿರಿಯರಾದ ನಮ್ಮೆದುರು ದನಿ ತಗ್ಗಿಸದೆ ಹೇಳಿದರು. ಈ ಊರಿನ ಎತ್ತರದ ಕಟ್ಟಡಗಳ ಬುಡದಲ್ಲಿ ನಿಂತಾಗಲೂ ನಾನು ಅಷ್ಟು ಬೆರಗಾಗಿರಲಿಲ್ಲ.

ನನ್ನ ಸರದಿ ಬಂದಾಗ ಅವರು ಕೇಳಿದ್ದು ಒಂದೇ: “ಏನಾದರೂ ತಿದ್ದಿದೆಯಾ?”

“ಇಲ್ಲ.”

“ಹಾಗಾದರೆ ಇದು ಸಂಶೋಧನೆ. ಯಲ್ಲಾ, ನಡಿ, ಮೊದಲನೆಯದನ್ನು ತೋರಿಸು.”

ಸೀಟು ಉಳಿಯಿತು.

ಆ ವರ್ಷ ರಜೆಯಲ್ಲಿ ಕಿನ್ನಿಗೋಳಿಗೆ ಹೋದಾಗ ನೆರೆಮನೆಯ ಶಾಂತಕ್ಕ ಗಂಡನ ಎಕ್ಸ್‌ರೇ ತಂದರು. ಕಿಟಕಿಯ ಬೆಳಕಿಗೆ ಹಿಡಿದೆ. “ಏನೂ ಇಲ್ಲ ಅಂತ ಕಾಣ್ತದೆ. ನಾಳೆ ಇನ್ನೊಮ್ಮೆ ನೋಡಿ ಹೇಳ್ತೇನೆ ಶಾಂತಕ್ಕ.”

“ಅಷ್ಟು ದೂರ ಹೋಗಿ ಕಲ್ತದ್ದು ಇದಾ ಮಗಾ?”

ಅಮ್ಮ ತಲೆ ತಗ್ಗಿಸಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಶಾಂತಕ್ಕ ಬಂದು ಎಕ್ಸ್‌ರೇ ವಾಪಸು ಒಯ್ದಿದ್ದರು, ಸರಿಯಾಗಿ ಹೇಳುವ ಡಾಕ್ಟರ ಬಳಿಗೆ. ಸಿಟ್ಟು ಬರಲಿಲ್ಲ. ಕೆಮ್ಮುವ ಗಂಡನ ಪಕ್ಕ ಮಲಗಿದವಳಿಗೆ ನಾಳೆಯವರೆಗೆ ಕಾಯುವುದು ಎಷ್ಟು ಉದ್ದವೆಂದು ನನಗೆ ಹೊಳೆದಿರಲಿಲ್ಲ. ಅದನ್ನು ದುಬೈಯಲ್ಲಿ ಯಾರೂ ಕಲಿಸಿಲ್ಲ. ಮಂಗಳೂರಿನಲ್ಲಿ ಕಲಿಸಿದ್ದರು, ನಾನು ಮರೆತಿದ್ದೆ.