ಇನ್ನೊಂದಿಷ್ಟು ಕುದಿಸಿದ ಜೋನಿಬೆಲ್ಲ

ಜೋನಿಬೆಲ್ಲ, ಅಂದರೆ ದೋಸೆಗೆ ಸುರಿದುಕೊಳ್ಳುವ ನೀರುಬೆಲ್ಲ, ಕೊಳ್ಳುವವರಿಗೆ ಒಂದು ಬಿಟ್ಟಿ ಸಲಹೆ: ಆಲೆಮನೆಯವರು ಹದ ಬಂತು ಎಂದರೆ ಸುಮ್ಮನೆ ಕ್ಯಾನು ಹಿಡಿಯಿರಿ. ನಾನು ಹಿಡಿಯಲಿಲ್ಲ.

ಸಾಗರದಲ್ಲಿ ದಿನಸಿ ಅಂಗಡಿ ಹಾಕಿದ ಹೊಸತು. ತೀರ್ಥಹಳ್ಳಿಯಲ್ಲಿ ಅಡುಗೆ ಗುತ್ತಿಗೆ ಹಿಡಿಯುವ ಹೆಂಗಸೊಬ್ಬರು, ಒಂದು ಉಪನಯನದ ಬೆಳಗಿನ ದೋಸೆಗೆ ಜೋನಿಬೆಲ್ಲ ತರಲು ಹೇಳಿದ್ದರು. ಅದು ಹಿಡಿಸಿದರೆ ವರ್ಷವಿಡೀ ಅವರ ಅಡುಗೆಗಳಿಗೆಲ್ಲ ನನ್ನ ಅಂಗಡಿಯದೇ ಸಾಮಾನು.

ಹೊಸನಗರದ ಕಡೆಯ ಆಲೆಮನೆಗೆ ಹೋದೆ. ಅಲ್ಲಿ ದರ ಕ್ಯಾನಿಗೆ, ತೂಕಕ್ಕಲ್ಲ. ನನ್ನ ತಲೆ ಓಡಿತು. ನೀರು ಆರಿದಷ್ಟೂ ಅದೇ ಕ್ಯಾನಿನಲ್ಲಿ ಹೆಚ್ಚು ಬೆಲ್ಲ ಹಿಡಿಯುತ್ತದಲ್ಲ!

“ಇನ್ನೊಂದಿಷ್ಟು ಕುದಿಸಿ ಮಾರಾಯ್ರೆ, ನೀರಿಗೆ ದುಡ್ಡು ಕೊಡೋನಲ್ಲ ನಾನು.”

ಪಾಕ ನೋಡುತ್ತಿದ್ದ ಮುದುಕರು ಸಟ್ಟುಗದಿಂದ ಎತ್ತಿ ಬಿಟ್ಟು ತೋರಿಸಿದರು. “ಹದ ಬಂತು. ಇಷ್ಟೊತ್ತು ನಿಧಾನಕ್ಕೆ ದಪ್ಪ ಆಯ್ತು, ಇನ್ಮೇಲೆ ನಿಮಿಷ ನಿಮಿಷಕ್ಕೂ ಏರ್ತದೆ. ಆರಿದ್ಮೇಲೆ ನನ್ನ ಬೈಬೇಡಿ.”

“ಬೈಯೋದು ಆಮೇಲೆ ನೋಡಣ, ನೀವು ಕುದಿಸಿ.”

ಕುದಿಸಿದರು. ಬಿಸಿಯಲ್ಲಿ ಚೆನ್ನಾಗಿಯೇ ಕ್ಯಾನಿಗಿಳಿಯಿತು.

ಮರುದಿನ ಬೆಳಿಗ್ಗೆ ಉಪನಯನದ ಮನೆಯಲ್ಲಿ ಕ್ಯಾನು ಬೋರಲು ಹಾಕಿದರೆ ಒಂದು ತೊಟ್ಟೂ ಬೀಳಲಿಲ್ಲ. ಪಂಕ್ತಿ ಕೂತಾಗಿತ್ತು.

“ಎಂತ ತಂದ್ರಿ ಸಾವ್ಕಾರ್ರೆ, ಬೆಲ್ಲವೋ ಡಾಂಬರೋ?” ಎಂದರು ಅಡುಗೆಯಾಕೆ.

ಇಂಥ ಹೊತ್ತಿನಲ್ಲಿ ಕ್ಯಾನನ್ನೇ ಬಿಸಿನೀರಿನಲ್ಲಿ ಇಳಿಸಿಟ್ಟು ಕಾಯಬೇಕು, ಬೆಲ್ಲಕ್ಕೆ ನೀರು ಸೇರಿಸಬಾರದು. ಈಗ ಹೇಳುತ್ತೇನೆ. ಆಗ ಒಂದು ಚೊಂಬು ಬಿಸಿನೀರು ಹುಯ್ದು ಅಲ್ಲಾಡಿಸಿದೆ. ಮಿಸುಕಲಿಲ್ಲ. ಇನ್ನೊಂದು ಹುಯ್ದೆ. ಸ್ವಲ್ಪ ಸಡಿಲಾಯಿತು. ಧೈರ್ಯ ಬಂದು ಮೂರನೆಯದನ್ನೂ ಸುರಿದೆ. ಬೆಲ್ಲ ಕಾಫಿಯಂತಾಗಿ ಹೊರಬಂತು.

ಬಾಳೆಲೆಯ ಮೇಲೆ ಅದು ನಿಲ್ಲಬೇಕಲ್ಲ? ದೋಸೆಯನ್ನು ದಾಟಿ, ಎಲೆಯಂಚು ದಾಟಿ ಉಣ್ಣುವವರ ತೊಡೆಗೇ ಇಳಿಯಿತು. ಹಿರಿಯರೊಬ್ಬರು ಕೂಗಿದರು: “ಓ ಬಡಿಸೋರೆ, ಬೆಲ್ಲಕ್ಕೊಂದು ದೊನ್ನೆ ತನ್ನಿ, ಇಲ್ಲಾ ನಂಗೊಂದು ಪಂಚೆ ತನ್ನಿ!” ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಎಲ್ಲರೂ ಎದ್ದ ಮೇಲೆ ಅಡುಗೆಯಾಕೆಯ ಎದುರು ನಿಂತು, ಆಲೆಮನೆಯಲ್ಲಿ ಹೆಚ್ಚು ಕುದಿಸಲು ಹೇಳಿದ್ದು ನಾನೇ ಎಂದು ಒಪ್ಪಿಕೊಂಡು, “ಅಕ್ಕಾ, ದರದಲ್ಲಿ ಸ್ವಲ್ಪ ಇಳಿಸ್ತೀನಿ” ಎಂದೆ.

“ದರ ಹಂಗೇ ಇರ್ಲಿ” ಎಂದರು ಆಕೆ. “ಬೆಲ್ಲ ಮಾತ್ರ ಆ ಆಲೆಮನೆಯೋರ ಹತ್ರ ನಾನೇ ತರಿಸ್ಕಳ್ತೀನಿ. ಅಕ್ಕಿ, ಬೇಳೆ, ಉಪ್ಪು ನಿಮ್ಮಲ್ಲಿಂದ್ಲೇ ಬರ್ಲಿ. ಅದ್ರಲ್ಲಿ ನೀವು ಕೈಯಾಡ್ಸಕ್ಕೆ ಎಂತದೂ ಇಲ್ಲ.”

ಚೌಕಾಶಿ ಮಾಡದೆ ನಾನು ಒಪ್ಪಿಕೊಂಡ ವ್ಯಾಪಾರ ಅದೊಂದೇ.